ಪಿಸಿಓಎಸ್‌ಗೆ ಹಾರ್ಮೋನ್ ಮಾತ್ರೆಯೋ, ಮೆಟ್‌ಫಾರ್ಮಿನ್ನೋ?

ಪಿಸಿಓಎಸ್ ಅಂದರೆ ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವಂಥ ಸಮಸ್ಯೆ. ಇದಕ್ಕೆ ಡಾಕ್ಟರ್ ಚೀಟಿಯಲ್ಲಿ ಹೆಚ್ಚಾಗಿ ಬರುವುದು ಇವೆರಡೇ: ಗರ್ಭ ತಡೆಯುವ ಹಾರ್ಮೋನ್ ಮಾತ್ರೆ, ಇಲ್ಲವೇ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್. ಕೆಲಸ ಮಾತ್ರ ಬೇರೆ ಬೇರೆ.

ಮುಟ್ಟು ತಪ್ಪುವುದು, ಮೊಡವೆ, ಗಲ್ಲದ ಮೇಲಿನ ಕೂದಲು ನಿಮ್ಮ ಮುಖ್ಯ ಚಿಂತೆಯೇ? ಹಾಗಾದರೆ ಹಾರ್ಮೋನ್ ಮಾತ್ರೆಯೇ ಮುಂದು. ಸಾಮಾನ್ಯವಾಗಿ 21 ದಿನ ನುಂಗಿ 7 ದಿನ ಬಿಟ್ಟರೆ ಮುಟ್ಟು ಬರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುವ ಅಪಾಯವೂ ತಗ್ಗುತ್ತದೆ. ಕೂದಲು ಕಡಿಮೆಯಾಗಲು 6 ತಿಂಗಳಾದರೂ ಬೇಕು, ಬೇಸರಪಟ್ಟು ಸುಮ್ನೆ ನಡುವೆ ಬಿಡಬೇಡಿ. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಕಣ್ಣ ಮುಂದೆ ಮಿಂಚು ಕಂಡು ಬರುವ ಮೈಗ್ರೇನ್ ಇದ್ದರೆ ಇದು ಬೇಡ. ಮಗು ಬೇಕೆನ್ನುವವರಿಗೂ ಇದಲ್ಲ. ಅವರಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಅಂಡ ಬಿಡುಗಡೆಯಾಗಲು ನೆರವಾಗುವ ಲೆಟ್ರೊಜೋಲ್ ಮಾತ್ರೆ.

ರಕ್ತದಲ್ಲಿ ಸಕ್ಕರೆ ಜಾಸ್ತಿ, ಸೊಂಟದ ಸುತ್ತ ಬೊಜ್ಜು, ಮನೆಯಲ್ಲಿ ಶುಗರ್ ಇದ್ದರೆ ಮೆಟ್‌ಫಾರ್ಮಿನ್ ಒಳ್ಳೆಯದು. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಬಹುದು, ಊಟದ ಜೊತೆ ತಗೊಳ್ಳಿ. ಮೊಡವೆಗೆ ಇದನ್ನೇ ನಂಬಬೇಡಿ. ಎರಡನ್ನೂ ಒಟ್ಟಿಗೆ ಕೊಡುವುದೂ ಉಂಟು.