ಪೌಷ್ಟಿಕ ಪುನಶ್ಚೇತನ ಕೇಂದ್ರ: ಒಳಗೆ ಆರೈಕೆ ಚೆಂದ, ಮನೆಗೆ ಹೋದ ಮೇಲಿನದ್ದೇ ಚಿಂತೆ

ರಾಯಚೂರು, ಕೊಪ್ಪಳದ ಕಡೆ ತೀರಾ ಸೊರಗಿದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ (ಎನ್‌ಆರ್‌ಸಿ) ದೊಡ್ಡ ಆಸರೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದು, ಜ್ವರವಿದ್ದರೆ ಅಥವಾ ಊಟವೇ ಬೇಡವೆಂದರೆ ತಡಮಾಡದೆ ಸೇರಿಸಿ. ತಾಯಿಯೂ ಜೊತೆಗಿರಬಹುದು.

ಮೊದಲ ದಿನಗಳಲ್ಲಿ ಕೊಡುವುದು ಎಫ್-75 ಎಂಬ ಚಿಕಿತ್ಸಾ ಹಾಲು: 100 ಮಿ.ಲೀ.ಗೆ 75 ಕ್ಯಾಲೊರಿ, ಎರಡು ತಾಸಿಗೊಮ್ಮೆ, ರಾತ್ರಿಯೂ ಸಹ. ಇಷ್ಟೇನಾ ಎಂದು ಹೊರಗಿನಿಂದ ಬಿಸ್ಕತ್ತು ತಂದು ತಿನ್ನಿಸುವವರಿದ್ದಾರೆ. ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಬಿದ್ದರೆ ಹೃದಯಕ್ಕೇ ಅಪಾಯ. ಇದನ್ನು ಸೇರಿಸಿಕೊಂಡ ದಿನವೇ ಬಿಡಿಸಿ ಹೇಳಬೇಕು. ಹಸಿವು ಮರಳಿದ ಮೇಲೆ ಇನ್ನಷ್ಟು ಶಕ್ತಿ ಕೊಡುವ ಎಫ್-100 ಹಾಲು.

ಕೊರತೆ ಇರುವುದು ಮನೆಗೆ ಕಳಿಸುವಾಗ. ಹದಿನೈದು ದಿನಕ್ಕೆ ಮತ್ತೆ ತೋರಿಸಿ ಎನ್ನುತ್ತಾರೆ, ಅಷ್ಟರಲ್ಲಿ ಕುಟುಂಬ ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ಬಿಡುಗಡೆಗೆ ಎರಡು ದಿನ ಮೊದಲೇ ಆಶಾ, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ತಾಯಿಯೊಂದಿಗೆ ಕೂಡಬೇಕು. ತೂಕ ಯಾರು ನೋಡುತ್ತಾರೆ, ಮೊಟ್ಟೆ ಯಾರು ಮುಟ್ಟಿಸುತ್ತಾರೆ, ಗುಳೆ ಹೋದರೆ ಯಾವ ನಂಬರಿಗೆ ಫೋನು, ಎಲ್ಲವನ್ನೂ ತಾಯಿ-ಮಗುವಿನ ಆರೋಗ್ಯ ದಾಖಲೆಯಾದ ‘ತಾಯಿ ಕಾರ್ಡ್’ನಲ್ಲೇ ಬರೆದಿಡಲಿ. ಅಜ್ಜಿಯನ್ನೂ ಕರೆಯಿರಿ. ಎಷ್ಟೋ ಮನೆಗಳಲ್ಲಿ ಮಗುವಿಗೆ ಉಣಿಸುವವಳು ಆಕೆಯೇ.