ಬಲಗೈಯ ಮಿಗಿ, 15 ನಿಮಿಷದ ಹೈಡಿ

ಮೊದಲು ನೋಡಿದ್ದು ಕೊರಿಯನ್ ಸರಣಿ ‘ಪ್ಯಾರಸೈಟ್: ದ ಗ್ರೇ’. 2024ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ಆರೇ ಕಂತು. ಎರಡು ರಾತ್ರಿಯಲ್ಲಿ ಮುಗಿಸಿದೆ. ಆಮೇಲೆ ಮೂಲವನ್ನು ಹುಡುಕಿಕೊಂಡು ಹೋಗಿ ಹಿತೋಶಿ ಇವಾಕಿ ಅವರ ಮಾಂಗಾದ (ಜಪಾನಿ ಕಾಮಿಕ್ಸ್) ಹತ್ತೂ ಸಂಪುಟ ಓದಿದೆ. ಅದನ್ನೇ ಆಧರಿಸಿದ 24 ಕಂತಿನ ಅನಿಮೆಯನ್ನೂ (ಜಪಾನಿ ಆನಿಮೇಷನ್ ಸರಣಿ) ನೋಡಿದೆ. ಆಸ್ಕರ್ ಗೆದ್ದ ‘ಪ್ಯಾರಸೈಟ್’ ಸಿನಿಮಾಗೂ ಇವಕ್ಕೂ ಸಂಬಂಧ ಇಲ್ಲ.

ಮೂರರಲ್ಲೂ ಬೀಜ ಒಂದೇ. ಎಲ್ಲಿಂದಲೋ ಬಂದ ಹುಳು ಮನುಷ್ಯನ ಮೈ ಹೊಕ್ಕು, ತಲೆಯ ಜಾಗದಲ್ಲಿ ತಾನೇ ಕೂರುತ್ತದೆ. ಮುಖ ಅದೇ, ಒಳಗೆ ಬೇರೆ ಯಾರೋ. ಹಸಿವಾದರೆ ಆ ಮುಖ ಸೀಳಿಕೊಂಡು ತೆರೆದು ಮನುಷ್ಯರನ್ನೇ ತಿನ್ನುತ್ತದೆ. ಮರದ ಮೇಲಿನ ಬಂದಳಿಕೆ ಇದ್ದ ಹಾಗೆ ಅಂದುಕೊಂಡಿದ್ದೆ. ಆದರೆ ಬಂದಳಿಕೆ ಹಿಡಿದರೂ ಮಾವು ಮಾವಾಗಿಯೇ ಇರುತ್ತದೆ ಅಲ್ವಾ? ಇಲ್ಲಿ ಹಾಗಲ್ಲ.

ಮಾಂಗಾದ ಶಿನಿಚಿ ಹೈಸ್ಕೂಲ್ ಹುಡುಗ. ಹುಳು ಕೈ ಹೊಕ್ಕಾಗ ಇಯರ್‌ಫೋನ್ ವೈರಿನಿಂದ ತೋಳು ಬಿಗಿದು ತಡೆಯುತ್ತಾನೆ. ಅದು ಬಲಗೈಯಲ್ಲೇ ಉಳಿಯುತ್ತದೆ. ಅದಕ್ಕೇ ‘ಮಿಗಿ’ ಅಂತ ಹೆಸರು. ಜಪಾನಿ ಭಾಷೆಯಲ್ಲಿ ಬಲ ಎಂದರ್ಥ. ಮಿಗಿಗೆ ಕಣ್ಣಿದೆ, ಬಾಯಿದೆ. ಪುಸ್ತಕ ಓದುತ್ತದೆ, ಹುಡುಗನ ಜೊತೆ ವಾದಕ್ಕಿಳಿಯುತ್ತದೆ. ಆ ಮಾತುಕತೆಯೇ ಕಥೆಯ ಜೀವ.

ಕೊರಿಯನ್ ಸರಣಿ ಬಿಟ್ಟುಕೊಟ್ಟಿದ್ದು ಅದನ್ನೇ. ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಮಾಡುವ ಸು-ಇನ್‌ಗೆ ಒಬ್ಬ ಚಾಕು ಹಾಕುತ್ತಾನೆ. ಅದೇ ರಾತ್ರಿ ಹುಳು ಹೊಗುತ್ತದೆ. ಗಾಯ ಮುಚ್ಚುವುದಕ್ಕೇ ಶಕ್ತಿ ಖರ್ಚಾಗಿ, ಅದಕ್ಕೆ ಮಿದುಳು ಪೂರ್ತಿ ದಕ್ಕುವುದಿಲ್ಲ. ದಿನಕ್ಕೆ ಸುಮಾರು 15 ನಿಮಿಷ ಎದ್ದು ಬರುತ್ತದೆ. ಆಗ ಸು-ಇನ್‌ಗೆ ಪ್ರಜ್ಞೆ ಇರುವುದಿಲ್ಲ. ಇಬ್ಬರ ನಡುವೆ ಮಾತು ಮುಟ್ಟಿಸಬೇಕಾದವನು ಕಾಂಗ್-ವೂ ಎಂಬ ರೌಡಿ. ಹುಳುವಿಗೆ ‘ಹೈಡಿ’ ಎಂದು ಹೆಸರಿಟ್ಟವನೂ ಅವನೇ.

ಮಾಂಗಾ ಓದಿದ ಮೇಲೆ ಇದು ದೊಡ್ಡ ನಷ್ಟ ಅನ್ನಿಸಿತು. ಸರಣಿಯನ್ನು ಎರಡನೇ ಸಲ ನೋಡಿದಾಗ ಮನಸ್ಸು ಬದಲಾಯಿತು. ಸು-ಇನ್ ಅಪ್ಪನ ಹೊಡೆತ ತಿಂದು ಬೆಳೆದವಳು. ತನಗಾಗಿ ಹೋರಾಡುವ ಜೀವ ತನ್ನೊಳಗೇ ಇದೆ, ಅದನ್ನು ಎದುರಿಗೆ ಕೂರಿಸಿಕೊಂಡು ಮಾತಾಡಲಾರಳು. ಆ ಒಂಟಿತನ ಮಾಂಗಾದಲ್ಲಿ ಇಲ್ಲ. ಹುಳು ಹೊಕ್ಕ ಗಂಡನನ್ನೇ ಉಳಿದ ಹುಳುಗಳನ್ನು ಹುಡುಕಲು ಬೇಟೆನಾಯಿಯಂತೆ ಬಳಸುವ ಅಧಿಕಾರಿ ಜುನ್-ಕ್ಯೊಂಗ್ ಕೂಡ ಸರಣಿಯದೇ ಸೃಷ್ಟಿ. ಅವಳನ್ನು ಕಂಡು ನನಗೆ ಹುಳುಗಳಿಗಿಂತ ಜಾಸ್ತಿ ಭಯವಾಯಿತು.

ಆದರೆ ಆರು ಕಂತು ಸಾಲಲಿಲ್ಲ. ಹೊಡೆದಾಟವೇ ಹೆಚ್ಚಿನ ಜಾಗ ತಿಂದಿತು. ಮಾಂಗಾದಲ್ಲಿ ರೇಕೊ ತಮುರಾ ಎಂಬ ಹೆಂಗಸಿನ ರೂಪದ ಹುಳು ಮನುಷ್ಯರನ್ನು ಅರಿಯಲೆಂದೇ ಮಗು ಹೆರುತ್ತದೆ. ಪಾರ್ಕಿನಲ್ಲಿ ಅವಳ ಕೊನೆಯ ದೃಶ್ಯ ಓದಿ ಪುಸ್ತಕ ಮಡಚಿಟ್ಟು ಸುಮ್ನೆ ಕೂತಿದ್ದೆ. ಅಷ್ಟು ಆಳಕ್ಕೆ ಸರಣಿ ಇಳಿಯುವುದಿಲ್ಲ.

ಅನಿಮೆ ಮೂಲಕ್ಕೆ ನಿಷ್ಠವಾಗಿದೆ, ಕಾಲ ಮಾತ್ರ ಸ್ಮಾರ್ಟ್‌ಫೋನ್ ಯುಗಕ್ಕೆ ಬಂದಿದೆ. ಓದುವ ತಾಳ್ಮೆ ಇಲ್ಲದವರು ಅದನ್ನೇ ನೋಡಿ. ನನ್ನ ಆಯ್ಕೆ ಮಾಂಗಾ. ಓದಿ ಮುಗಿಸಿ ಕೊರಿಯನ್ ಸರಣಿಗೆ ಬನ್ನಿ. ಅದರ ಕೊನೆಯಲ್ಲಿ ಜಪಾನಿನ ಒಬ್ಬ ಯುವಕ ಬಂದು ತನ್ನ ಹೆಸರು ಹೇಳುತ್ತಾನೆ. ಮೊದಲ ಸಲ ನನಗೆ ಏನೂ ಅನ್ನಿಸಿರಲಿಲ್ಲ. ಎರಡನೇ ಸಲ ಅವನ ಬಲಗೈ ಬಿಟ್ಟು ಬೇರೇನನ್ನೂ ನಾನು ನೋಡಲಿಲ್ಲ.