ಇಬ್ಬರ ಪೋಕರ್‌ನಲ್ಲಿ ಬೆಟ್ ಎಷ್ಟು ಹಾಕಬೇಕು? ಸಣ್ಣದು, ಮುಕ್ಕಾಲು ಪಾಟ್, ಓವರ್‌ಬೆಟ್: ಮೂರನ್ನೂ ಆಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಣ್ಣ ಬೆಟ್‌ಗೆ. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲ ಮೂರು ಎಲೆ ಬಿದ್ದಾಗ) ಪಾಟಿನ (ನಡುವೆ ಸೇರಿದ ಚಿಪ್ ರಾಶಿಯ) ಮೂರನೇ ಒಂದು ಪಾಲು, ಕೈಯಲ್ಲಿ ಏನೇ ಇರಲಿ ಹೆಚ್ಚುಕಡಿಮೆ ಅಷ್ಟೇ. ಮುಕ್ಕಾಲು ಪಾಟ್ ಬೆಟ್ಟನ್ನೂ ಪಾಟಿಗಿಂತ ದೊಡ್ಡ ಓವರ್‌ಬೆಟ್ಟನ್ನೂ ತಿಂಗಳುಗಟ್ಟಲೆ ಆಡಿ ನೋಡಿದ್ದೇನೆ. ಅವಕ್ಕೂ ಅವುಗಳ ಜಾಗ ಇದೆ. ಆದರೂ ಆಟಕ್ಕೆ ಕೂತಾಗ ನನ್ನ ಕೈ ತಾನಾಗಿ ಹೋಗುವುದು ಸಣ್ಣದಕ್ಕೇ.

ನಿಯಮಗಳನ್ನು ಇಲ್ಲಿ ವಿವರಿಸುವುದಿಲ್ಲ. ನಾನು ಹೇಳುತ್ತಿರುವುದು ನೋ-ಲಿಮಿಟ್ ಹೋಲ್ಡೆಮ್, ಇಬ್ಬರೇ ಕೂತು ಆಡುವ ಹೆಡ್ಸ್-ಅಪ್. ಲಿಮಿಟ್ ಆಟದಲ್ಲಿ ಬೆಟ್ ಎಷ್ಟು ಅಂತ ಮೊದಲೇ ಗೊತ್ತಾಗಿರುತ್ತದೆ, ಈ ತಲೆನೋವೇ ಇಲ್ಲ. ಇಬ್ಬರ ಲಿಮಿಟ್ ಆಟವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲೇ ಸೆಫಿಯಸ್ ಅನ್ನುವ ಪ್ರೋಗ್ರಾಂ ಬರೆದು ಬಹುಪಾಲು ಬಿಡಿಸಿಟ್ಟರು. ನೋ-ಲಿಮಿಟ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎಷ್ಟು ಬೇಕಾದರೂ ಹಾಕಬಹುದು ಅನ್ನುವುದೇ ಅದಕ್ಕೆ ದೊಡ್ಡ ಕಾರಣ.

ಲೆಕ್ಕಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರೂ ಹಾಕಲೇಬೇಕಾದದ್ದು, 10 ಮತ್ತು 20. ಇಬ್ಬರ ಹತ್ತಿರವೂ 2,000 ಚಿಪ್. ಬಟನ್‌ನಲ್ಲಿರುವ (ಫ್ಲಾಪ್ ಆದ ಮೇಲೆ ಕೊನೆಗೆ ಆಡುವ) ನಾನು 50ಕ್ಕೆ ರೈಸ್ ಮಾಡಿದೆ (ಏರಿಸಿದೆ), ಎದುರಿನವನು ಕಾಲ್ ಮಾಡಿದ (ಅಷ್ಟೇ ಹಾಕಿದ). ಪಾಟ್ 100. ಇಬ್ಬರ ಹತ್ತಿರವೂ ಉಳಿದಿರುವುದು 1,950.

ಈಗ ನಾನು 33 ಹಾಕಿದೆ ಅಂದುಕೊಳ್ಳಿ. ನಾಲ್ಕರಲ್ಲಿ ಒಂದು ಸಲ ಅವನು ಎಲೆ ಬಿಸಾಡಿದರೂ ಸಾಕು, ಬೆಟ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ. 75 ಹಾಕಿದರೆ 100ರಲ್ಲಿ 43 ಸಲ ಬಿಸಾಡಬೇಕು. 100 ಹಾಕಿದರೆ ಅರ್ಧಕ್ಕರ್ಧ. 200 ಹಾಕಿದರೆ ಮೂರರಲ್ಲಿ ಎರಡು ಸಲ. ಜೋಡಿಯಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಒಂದು ಜೋಡಿಯಾದರೂ ಸಿಗುವುದು ಮೂರರಲ್ಲಿ ಒಂದು ಸಲ ಮಾತ್ರ. ಆದರೆ 33ರ ಬೆಟ್‌ಗೆ ಅವನು ಮುಕ್ಕಾಲು ಪಾಲು ಕೈಗಳನ್ನು ಉಳಿಸಿಕೊಂಡು ಆಡಬೇಕು. ಇಲ್ಲದಿದ್ದರೆ ನಾನು ಯಾವ ಕಸ ಹಿಡಿದು ಬೆಟ್ ಮಾಡಿದರೂ ಲಾಭವೇ. ಅಂದರೆ ಏನೂ ಸಿಗದ ಕೈಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಅವನು ಹಿಡಿದುಕೊಂಡು ಕೂರಬೇಕಾಗುತ್ತದೆ. ಆಟೀನ್ ರಾಜ, ಇಸ್ಪೀಟ್ ಏಳು, ಕಳಾವರ್ ಎರಡು ಬಿದ್ದಿದೆ. ಅವನ ಕೈಯಲ್ಲಿ ಗುಲಾಮ, ಒಂಬತ್ತು. ಕಾಲ್ ಮಾಡುವ ಮನಸ್ಸು ಎಷ್ಟು ಜನಕ್ಕೆ ಬರುತ್ತದೆ ಹೇಳಿ? ಬಹಳ ಜನಕ್ಕೆ ಬರುವುದಿಲ್ಲ. ಸಣ್ಣ ಬೆಟ್ ದುಡಿಯುವುದೇ ಅಲ್ಲಿ.

ಇನ್ನೊಂದು ಲಾಭ: ಒಳ್ಳೆ ಕೈಗೂ ಕೆಟ್ಟ ಕೈಗೂ ಒಂದೇ ಅಳತೆ ಹಾಕುವುದರಿಂದ ನನ್ನ ಬೆಟ್ ನೋಡಿ ನನ್ನ ಎಲೆ ಊಹಿಸಲು ಆಗುವುದಿಲ್ಲ.

ಇನ್ನು ಅದರ ಕಿರಿಕಿರಿ. ಮುಖ್ಯವಾದದ್ದು ಒಂದೇ, ಆದರೆ ತಲೆ ತಿನ್ನುವಂಥದ್ದು. ಅದರ ಹೆಸರು ಚೆಕ್-ರೈಸ್: ಎದುರಿನವನು ಮೊದಲು ಬೆಟ್ ಮಾಡದೆ ಸುಮ್ಮನಿದ್ದು (ಚೆಕ್), ನಾನು ಬೆಟ್ ಮಾಡಿದ ಮೇಲೆ ಏರಿಸುವುದು.

ಒಂದು ಕೈಯನ್ನು ನಿಧಾನವಾಗಿ ಬಿಡಿಸಿ ನೋಡೋಣ. ನನ್ನ ಹತ್ತಿರ ರಾಣಿ, ಎಂಟು. ಫ್ಲಾಪ್‌ನಲ್ಲಿ ರಾಜ, ಎಂಟು, ಮೂರು. ಅದರಲ್ಲಿ ರಾಜ ಮತ್ತು ಮೂರು ಎರಡೂ ಆಟೀನ್. ನನಗೆ ನಡುವಿನ ಜೋಡಿ ಸಿಕ್ಕಿದೆ, ಕೆಟ್ಟ ಕೈಯೇನಲ್ಲ. ಅವನು ಚೆಕ್ ಮಾಡಿದ, ನಾನು 33 ಹಾಕಿದೆ, ಅವನು 120 ಮಾಡಿದ. ಪಾಟ್ ಈಗ 253. ಮುಂದಿನ ಎಲೆ ನೋಡಲು ನಾನು ಇನ್ನೂ 87 ಕೊಡಬೇಕು. ಕೊಟ್ಟರೆ ಪಾಟ್ 340 ಆಗುತ್ತದೆ. 100ರಲ್ಲಿ 26 ಸಲ ಗೆಲ್ಲುವ ಹಾಗಿದ್ದರೆ ನಷ್ಟವಿಲ್ಲ. ಬರೀ ಈ ಲೆಕ್ಕ ನೋಡಿದರೆ ಕಾಲ್ ಮಾಡಲೇಬೇಕು.

ಸರಿ, ಕಾಲ್ ಮಾಡಿದೆ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಆಟೀನ್ ಐದು ಬಂತು. ಅವನು 250 ಹಾಕಿದ. ಈಗ ಅತ್ತ ದರಿ, ಇತ್ತ ಪುಲಿ. ಎಸೆದರೆ ಅವನ ಬ್ಲಫ್‌ಗೆ ಹೆದರಿ 340ರ ಪಾಟ್ ಬಿಟ್ಟುಕೊಟ್ಟ ಹಾಗೆ. ಕಾಲ್ ಮಾಡಿದರೆ ರಿವರ್‌ನಲ್ಲಿ (ಐದನೇ, ಕೊನೆಯ ಎಲೆಯಲ್ಲಿ) ಅವನ ಹಿಂದೆ ಇನ್ನೂ 1,580 ಚಿಪ್ ಕಾದು ಕೂತಿದೆ. ಸಣ್ಣ ಪಾಟ್ ಆಡೋಣ ಅಂತ 33 ಹಾಕಿ ಹೊರಟ ಕೈ ಇದು! ಎರಡೇ ಬೆಟ್‌ನಲ್ಲಿ ಇಡೀ ಸ್ಟ್ಯಾಕ್ (ಮುಂದಿರುವ ಚಿಪ್ಪೆಲ್ಲ) ಪ್ರಶ್ನೆ ಆಗಿ ನಿಂತಿತು.

ಹಾಗಂತ ರೈಸ್ ಬಂದ ಕೂಡಲೇ ಎಸೆಯುತ್ತಾ ಹೋಗುವುದೂ ಆಗುವುದಿಲ್ಲ. ಅವನ ಕಡೆಯಿಂದ ನೋಡಿ. 133 ಗೆಲ್ಲಲು ಅವನು 120 ಹಾಕುತ್ತಿದ್ದಾನೆ. 100ರಲ್ಲಿ 47 ಸಲ ನಾನು ಬಿಟ್ಟುಕೊಟ್ಟರೆ ಅವನಿಗೆ ಎಲೆ ನೋಡುವ ಅಗತ್ಯವೇ ಇಲ್ಲ, ಕಣ್ಣುಮುಚ್ಚಿ ರೈಸ್ ಮಾಡಬಹುದು. ನಾನು ಎಲ್ಲಾ ಕೈಗಳಲ್ಲೂ ಬೆಟ್ ಮಾಡುತ್ತಿರುವುದರಿಂದ ನನ್ನ ಹತ್ತಿರ ಟೊಳ್ಳು ಕೈಗಳೇ ಜಾಸ್ತಿ ಅಂತ ಅವನಿಗೂ ಗೊತ್ತು. ಸ್ವಲ್ಪ ಓದಿಕೊಂಡವನಾದರೆ ಸಣ್ಣ ಬೆಟ್ ಕಂಡ ಕೂಡಲೇ ಮೈಮೇಲೆ ಬೀಳುತ್ತಾನೆ.

ಹೊಟ್ಟೆ ಉರಿಸುವುದು ಇನ್ನೊಂದು ಥರದ ಕೈ. ಫ್ಲಾಪ್‌ನಲ್ಲಿ ರಾಜ, ರಾಣಿ, ನಾಲ್ಕು. ನನ್ನ ಹತ್ತಿರ ಎಕ್ಕ, ಹತ್ತು. ಗುಲಾಮ ಬಂದರೆ ಎಲ್ಲಕ್ಕಿಂತ ದೊಡ್ಡ ಸ್ಟ್ರೈಟ್ (ಸಾಲಾಗಿ ಐದು ಎಲೆ). ಸುಮ್ನೆ ಚೆಕ್ ಮಾಡಿದ್ದರೆ ಟರ್ನ್ ಬಿಟ್ಟಿಯಾಗಿ ಸಿಗುತ್ತಿತ್ತು. ಬೆಟ್ ಮಾಡಿ ರೈಸ್ ತಿಂದ ಮೇಲೆ ಅದೇ ಎಲೆಗೆ 87 ಕೊಡಬೇಕು.

ಇದಕ್ಕೆ ನಾನು ಕಂಡುಕೊಂಡ ದಾರಿ ಬೋರ್ಡ್ ನೋಡಿ ನಡೆಯುವುದು. ರಾಜ-ಏಳು-ಎರಡು, ಎಕ್ಕ-ಎಂಟು-ಮೂರು, ಎಕ್ಕ-ಎಕ್ಕ-ಆರು, ಇಂಥ ಒಣ ಬೋರ್ಡ್‌ನಲ್ಲಿ (ಸಾಲಿಗೋ ಒಂದೇ ಜಾತಿಗೋ ಕೂಡಿಬರದ ಎಲೆ ಬಿದ್ದಾಗ) ಯೋಚನೆಯೇ ಬೇಡ, 33. ಎಂಟು-ಏಳು-ಆರು ಬಿದ್ದು ಅದರಲ್ಲಿ ಎರಡು ಒಂದೇ ಜಾತಿಯವಾಗಿದ್ದರೆ ಎಲ್ಲಾ ಕೈಗಳಲ್ಲೂ ಬೆಟ್ ಮಾಡುವ ಅಭ್ಯಾಸವನ್ನು ಅಲ್ಲಿಗೇ ಬಿಡುತ್ತೇನೆ. ಬಿಗ್ ಬ್ಲೈಂಡ್‌ನವನು (20 ಹಾಕಿದ ಎದುರಾಳಿ) ಕಾಲ್ ಮಾಡಿ ಬರುವುದೇ ಅಂಥ ಎಲೆ ಹಿಡಿದುಕೊಂಡು. ಅಲ್ಲಿ ಅರ್ಧ ಕೈಗಳು ಚೆಕ್, ಉಳಿದವಕ್ಕೆ ದೊಡ್ಡ ಬೆಟ್. ಒಣ ಬೋರ್ಡ್‌ನಲ್ಲೂ ರೈಸ್ ಬಂದರೆ, ಯಾವುದೇ ಜೋಡಿ ಇದ್ದರೂ ಒಂದು ಸಲ ಕಾಲ್ ಮಾಡುತ್ತೇನೆ. ತೀರಾ ಗಟ್ಟಿ ಕೈ ಇದ್ದಾಗ ಕೆಲವು ಸಲ ತಿರುಗಿ ರೈಸ್. ಇಷ್ಟು ಮಾಡಿದ ಮೇಲೆ ಕಿರಿಕಿರಿ ಅರ್ಧ ಇಳಿಯಿತು. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ.

ಮುಕ್ಕಾಲು ಪಾಟ್ ಬೆಟ್‌ನ ವಿಷಯಕ್ಕೆ ಬಂದರೆ, ಅದರ ಜಾಗ ಟರ್ನ್. ಟರ್ನ್‌ನಲ್ಲಿ ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಒಂದು ಎಲೆ ಕಾಯುತ್ತಿರುವವನಿಗೆ ಉಳಿದ 46 ಎಲೆಗಳಲ್ಲಿ 9 ಸರಿಹೋಗುತ್ತವೆ, ಅಂದರೆ 20%ಗೆ ಒಂದು ಕೂದಲು ಕಡಿಮೆ. ಮೂರನೇ ಒಂದು ಪಾಲಿನ ಬೆಟ್‌ಗೆ ಕಾಲ್ ಮಾಡಲು ಅವನಿಗೆ ಬೇಕಾಗಿರುವುದೂ 20%. ಸರಿಯಾದ ಬೆಲೆಗೆ ಎಲೆ ಮಾರಿದ ಹಾಗಾಯಿತು, ಅಲ್ವಾ? ಮುಕ್ಕಾಲು ಪಾಟ್ ಹಾಕಿದರೆ ಅವನಿಗೆ 30% ಬೇಕು. ಆಗ ಅವನು ಕಾಲ್ ಮಾಡಿದಷ್ಟೂ ನನಗೆ ಒಳ್ಳೆಯದು. ಆದರೆ ಫ್ಲಾಪ್‌ನಿಂದಲೇ ಇದೇ ಅಳತೆ ಹಿಡಿದರೆ ಪಾಟ್ 100ರಿಂದ 250, ಅಲ್ಲಿಂದ 625, ರಿವರ್ ಮುಗಿಯುವಾಗ 1,560 ದಾಟುತ್ತದೆ. ಎರಡನೇ ದರ್ಜೆಯ ಕೈ ಹಿಡಿದು ಅಷ್ಟು ದೂರ ನಡೆಯುವ ಧೈರ್ಯ ನನಗಿಲ್ಲ. ಯಾವುದಕ್ಕೆ ಬೆಟ್, ಯಾವುದಕ್ಕೆ ಚೆಕ್ ಅಂತ ಪ್ರತಿ ಕೈಯಲ್ಲೂ ವಿಂಗಡಿಸುತ್ತಾ ಕೂರಬೇಕು ಬೇರೆ. ಬಳಲಿದ ತಲೆಗೆ ಅದು ಆಗದ ಕೆಲಸ.

ಅರ್ಧ ಪಾಟ್? ಅತ್ತ ಅಗ್ಗವೂ ಅಲ್ಲ, ಇತ್ತ ಹೆದರಿಸುವುದೂ ಇಲ್ಲ. ನನಗೆ ರುಚಿಸಲಿಲ್ಲ.

ಓವರ್‌ಬೆಟ್ ಕಡೆ ಜನ ತಿರುಗಿದ್ದರಲ್ಲಿ ಲಿಬ್ರಾಟಸ್‌ನ ಪಾಲು ದೊಡ್ಡದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನೋಮ್ ಬ್ರೌನ್ ಮತ್ತು ಟುಮಾಸ್ ಸ್ಯಾಂಡ್‌ಹೋಮ್ ಕಟ್ಟಿದ ಈ ಪ್ರೋಗ್ರಾಂ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಕ್ಯಾಸಿನೊ ಒಂದರಲ್ಲಿ ನಾಲ್ವರು ವೃತ್ತಿಪರರ ಎದುರು 1,20,000 ಕೈ ಆಡಿ, ಚಿಪ್ ಲೆಕ್ಕದಲ್ಲಿ 17 ಲಕ್ಷ ಡಾಲರ್‌ಗಿಂತ ಹೆಚ್ಚು ಮುಂದಿತ್ತು. ಪಾಟಿನ ಎಷ್ಟೋ ಪಟ್ಟು ಬೆಟ್ಟನ್ನು ಅದು ಅಳುಕಿಲ್ಲದೆ ಹಾಕುತ್ತಿತ್ತು. ಎದುರಾಳಿಗಳು ಹಗಲು ಯಾವ ಬೆಟ್ ಅಳತೆ ಹಾಕಿ ಅದನ್ನು ಕೆಣಕುತ್ತಿದ್ದರೋ, ರಾತ್ರಿ ಕೂತು ಆ ಬಿರುಕುಗಳನ್ನೇ ಮುಚ್ಚಿಕೊಳ್ಳುತ್ತಿತ್ತು. ಆದರೆ ಒಂದು ವಿಷಯ ಮರೆಯಬಾರದು. ಅಲ್ಲಿ ಬ್ಲೈಂಡ್ 50 ಮತ್ತು 100, ಪ್ರತಿ ಕೈಗೂ ಸ್ಟ್ಯಾಕ್ 20,000. ಅಂದರೆ 200 ಬಿಗ್ ಬ್ಲೈಂಡ್ ಆಳ. ನಾನು ಕೂರುವುದು 100ಕ್ಕೆ.

ಹಾಗಂತ ಓವರ್‌ಬೆಟ್ ನನಗೆ ಬೇಡವೇ ಬೇಡ ಅಂತಲೂ ಅಲ್ಲ. ಸಣ್ಣ ಬೆಟ್‌ನ ಇನ್ನೊಂದು ಕೊರತೆ ತುಂಬುವುದು ಅದೇ. ಮೂರು ಸುತ್ತೂ ಮೂರನೇ ಒಂದು ಪಾಲೇ ಹಾಕುತ್ತಾ ಹೋದರೆ ಕೊನೆಗೆ ಪಾಟ್ 460ರ ಸುತ್ತ ನಿಲ್ಲುತ್ತದೆ. ಕೈಯಲ್ಲಿ ಮೂರು ಎಂಟುಗಳು ಕೂಡಿಬಂದಿದ್ದಾಗ ಅಷ್ಟೇ ಗೆದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನಬೇಕು. ಫ್ಲಾಪ್‌ನಲ್ಲಿ 33 ಹಾಕಿದ ಮೇಲೆ ಪಾಟ್ 166, ಉಳಿದದ್ದು 1,917. ರಿವರ್‌ನೊಳಗೆ ಎಲ್ಲಾ ಚಿಪ್ ಒಳಗೆ ಹೋಗಬೇಕಾದರೆ ಟರ್ನ್‌ನಲ್ಲೂ ರಿವರ್‌ನಲ್ಲೂ ಪಾಟಿನ ಹತ್ತಿರ ಹತ್ತಿರ ಎರಡರಷ್ಟು ಹಾಕಬೇಕು. ಟರ್ನ್‌ನಲ್ಲಿ 325 ಅಂತ ನೂಕಿದಾಗ ಎದುರಿನವನ ಮುಖ ನೋಡಬೇಕು.

ತೊಂದರೆ ಏನೆಂದರೆ, ರಿವರ್‌ನಲ್ಲಿ ಎರಡು ಪಟ್ಟು ಬೆಟ್ ಮಾಡುವವನು ಮೂರು ನಿಜವಾದ ಕೈಗೆ ಎರಡು ಬ್ಲಫ್ ಇಟ್ಟುಕೊಂಡಿರಬೇಕು ಅನ್ನುತ್ತದೆ ಲೆಕ್ಕ. ನನ್ನ ಎದುರು ಕೂರುವವರಲ್ಲಿ ಹೆಚ್ಚಿನವರು ಒಂದು ಜೋಡಿ ಸಿಕ್ಕರೆ ಕುತ್ತಿಗೆ ಹಿಡಿದರೂ ಬಿಡುವವರಲ್ಲ. ಅವರ ಎದುರು ಬ್ಲಫ್ ದಂಡ. ಗಟ್ಟಿ ಕೈ ಇದ್ದಾಗ ಮಾತ್ರ ಹಾಕುತ್ತೇನೆ, ಅವರು ಕಾಲ್ ಮಾಡುತ್ತಾರೆ. ಪುಸ್ತಕದ ಪ್ರಕಾರ ತಪ್ಪು. ಇರಲಿ ಬಿಡಿ.

ಮೊಬೈಲ್‌ನಲ್ಲಿ ಆಡುವಾಗ ಗುಂಡಿ ಒತ್ತಿದರೆ ಅಳತೆ ತಾನೇ ಬರುತ್ತದೆ. ನಿಜವಾದ ಟೇಬಲ್‌ನಲ್ಲಿ, ನೋ-ಲಿಮಿಟ್‌ನಲ್ಲಿ, ಪಾಟ್ ಎಷ್ಟಿದೆ ಅಂತ ಡೀಲರ್ ಲೆಕ್ಕ ಹಾಕಿ ಹೇಳುವುದಿಲ್ಲ. ನೀವೇ ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಾ ಹೋಗಬೇಕು. ಮೂರನೇ ಒಂದು ಪಾಲು ಅಂದಾಜು ತಪ್ಪಿದರೂ ಕಳೆದುಕೊಳ್ಳುವುದು ನಾಲ್ಕಾರು ಚಿಪ್. ಓವರ್‌ಬೆಟ್‌ನಲ್ಲಿ ತಪ್ಪಿದರೆ ಏಟು ಜೋರು.

ನನ್ನ ಆಯ್ಕೆ ನನ್ನ ಜೇಬಿಗೂ ಅಭ್ಯಾಸಕ್ಕೂ ಹೊಂದಿಕೊಂಡದ್ದು. ನಾನು ಆಡುವುದು ಕೆಲಸ ಮುಗಿದ ಮೇಲೆ. ಒಂದು ರಾತ್ರಿಗೆ ಒಂದೇ ಸ್ಟ್ಯಾಕ್, ಅದು ಹೋದರೆ ಎದ್ದು ಹೋಗುತ್ತೇನೆ. ಹೀಗಿರುವವನಿಗೆ ಫ್ಲಾಪ್‌ನಲ್ಲಿ ಮೂರನೇ ಒಂದು, ಟರ್ನ್‌ನಲ್ಲಿ ಕೈ ಗಟ್ಟಿಯಿದ್ದರೆ ಮುಕ್ಕಾಲು ಅಥವಾ ಅದಕ್ಕೂ ಮೇಲೆ, ಇಲ್ಲದಿದ್ದರೆ ಚೆಕ್. ನಿಮಗೆ ನಾಲ್ಕೈದು ಸ್ಟ್ಯಾಕ್ ಏರಿಳಿತ ತಡೆದುಕೊಳ್ಳುವ ಶಕ್ತಿಯಿದ್ದು, ಸಾಲ್ವರ್ (ಸರಿಯಾದ ಆಟವನ್ನು ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ) ಮುಂದೆ ಕೂರುವ ತಾಳ್ಮೆಯೂ ಇದ್ದರೆ ದೊಡ್ಡ ಬೆಟ್‌ಗಳಿಂದಲೇ ಶುರುಮಾಡಿ. ಆ ದಾರಿಯಲ್ಲಿ ದುಡಿಮೆಯೂ ಜಾಸ್ತಿ.

ನನ್ನ ಜೊತೆ ಹೆಚ್ಚಾಗಿ ಆಡುವ ಗೆಳೆಯನೊಬ್ಬನಿದ್ದಾನೆ. ಸಣ್ಣ ಬೆಟ್ ಕಂಡರೆ ಸಾಕು, ರೈಸ್ ಮಾಡಿಯೇ ತೀರುತ್ತಾನೆ. ಅವನ ಎದುರು ಮಾತ್ರ ನಡುವಿನ ಜೋಡಿಗಳನ್ನೆಲ್ಲಾ ಚೆಕ್ ಮಾಡಿ, ರಾಜನ ಜೋಡಿ ಅಥವಾ ಅದಕ್ಕಿಂತ ಮೇಲಿನದು ಇದ್ದಾಗಲೇ 33 ಹಾಕುವುದನ್ನು ಶುರುಮಾಡಿದ್ದೇನೆ. ಅವನಿನ್ನೂ ಗಮನಿಸಿಲ್ಲ.